ಆಹಾರ ವಿಷಬಾಧೆ: ಬ್ಯಾಕ್ಟೀರಿಯಾ ಮತ್ತು ಬೂಷ್ಟು

ಉಣ್ಣುವ ಅನ್ನ, ಕುಡಿಯುವ ಹಾಲು, ತಿನ್ನುವ ಕಾಳುಕಡಿಗಳಲ್ಲಿ ಸೇರಿಕೊಂಡ ಸೂಕ್ಷ್ಮಜೀವಿಗಳಿಂದಾಗಲೀ ಅವು ಬಿಟ್ಟ ವಿಷದಿಂದಾಗಲೀ ಬರುವ ಕಾಯಿಲೆಯನ್ನು ಆಹಾರ ವಿಷಬಾಧೆ ಎನ್ನುತ್ತಾರೆ. ಬ್ಯಾಕ್ಟೀರಿಯಾಗಳಿಂದ ಬರುವ ಬಾಧೆ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ವಾಂತಿ, ಭೇದಿ, ಹೊಟ್ಟೆನುಲಿತವಾಗಿ ಹೊರಬೀಳುತ್ತದೆ. ಬೂಷ್ಟಿನ ವಿಷ ಹಾಗಲ್ಲ. ಅದು ಬಹುಪಾಲು ಸದ್ದಿಲ್ಲದೆ ಒಳಸೇರಿ, ವರ್ಷಗಟ್ಟಲೆ ಯಕೃತ್ತನ್ನು ಕೆಡಿಸುತ್ತದೆ. ಮೊದಲನೆಯದು ಮರುದಿನದ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಂಥ ಶೇಂಗಾ ಸೀಮೆಯಲ್ಲಿ ಇವೆರಡನ್ನೂ ಒಟ್ಟಿಗೆ ನೋಡದಿದ್ದರೆ ವಿಷಯ ಅರ್ಧವೇ ತಿಳಿದಂತಾಗುತ್ತದೆ.

ಊಟದಿಂದ ಬಂದ ಎಲ್ಲ ಆಪತ್ತೂ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಸ್ಥಾನದಲ್ಲಿ ಪ್ರಸಾದ ತಿಂದು 17 ಮಂದಿ ಸತ್ತರು. ಅದಕ್ಕೆ ಕಾರಣ ಪ್ರಸಾದಕ್ಕೆ ಬೆರೆಸಿದ್ದ ಕೀಟನಾಶಕ. ಸಾಸಿವೆ ಎಣ್ಣೆಗೆ ದತ್ತೂರಿ ಬೀಜದ ಎಣ್ಣೆ ಬೆರೆತು ಬರುವ ಕಾಲುಬಾವಿನ ರೋಗವೂ ಸೂಕ್ಷ್ಮಜೀವಿಯ ಕೆಲಸವಲ್ಲ. 2023ರ ಆಗಸ್ಟ್ ಹೊತ್ತಿಗೆ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಜನ ಸತ್ತದ್ದು ಕಲುಷಿತ ಕುಡಿಯುವ ನೀರಿನಿಂದ. ರೋಗಾಣು ಊಟದಿಂದಲೂ ಬರುತ್ತದೆ, ನೀರಿನಿಂದಲೂ ಬರುತ್ತದೆ. ತಡೆಯುವ ದಾರಿ ಮಾತ್ರ ಬೇರೆ ಬೇರೆ.

ಮೂರು ದಾರಿಗಳು

ಸೂಕ್ಷ್ಮಜೀವಿ ಮೂರು ಬಗೆಯಲ್ಲಿ ಕಾಯಿಲೆ ತರುತ್ತದೆ. ಒಂದು, ಜೀವಂತ ಬ್ಯಾಕ್ಟೀರಿಯಾ ಊಟದೊಂದಿಗೆ ಹೊಟ್ಟೆ ಸೇರಿ ಕರುಳಿನ ಗೋಡೆಯನ್ನು ಹೊಕ್ಕು ಬೆಳೆಯುವುದು. ಸಾಲ್ಮೊನೆಲ್ಲಾ, ಶಿಗೆಲ್ಲಾ ಈ ಜಾತಿಯವು. ಎರಡು, ಒಳಹೋದ ಬ್ಯಾಕ್ಟೀರಿಯಾ ಕರುಳಿನಲ್ಲಿ ಕುಳಿತು ಅಲ್ಲಿಯೇ ವಿಷ ತಯಾರಿಸುವುದು. ಮೂರು, ಊಟ ಬಾಯಿಗೆ ಬರುವ ಮೊದಲೇ ಪಾತ್ರೆಯಲ್ಲೋ ಚೀಲದಲ್ಲೋ ಹೊಲದಲ್ಲೋ ವಿಷ ತಯಾರಾಗಿರುವುದು. ಬೂಷ್ಟಿನದು ಯಾವಾಗಲೂ ಈ ಮೂರನೆಯ ದಾರಿ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಮ್ಮ ನಂಬಿಕೆ ಸುಳ್ಳಾಗುವುದೂ ಇಲ್ಲಿಯೇ. ಕುದಿಸಿದರೆ ಜೀವಿ ಸಾಯುತ್ತದೆ. ಅದು ಮೊದಲೇ ಬಿಟ್ಟ ವಿಷ ಬಹಳ ಸಲ ಹಾಗೆಯೇ ಉಳಿಯುತ್ತದೆ.

ಯಾವ ಆಹಾರದಲ್ಲಿ ಯಾವುದು ಬೆಳೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ನೀರು ತೀರ್ಮಾನಿಸುತ್ತದೆ. ಅನ್ನ, ಸಾರು, ಹಾಲು, ಮಾಂಸಗಳಲ್ಲಿ ನೀರು ಧಾರಾಳವಾಗಿರುವುದರಿಂದ ಅಲ್ಲಿ ಬ್ಯಾಕ್ಟೀರಿಯಾ ಮುಂದು. ಅರೆಬರೆ ಒಣಗಿದ ಶೇಂಗಾ, ಜೋಳ, ಮೆಕ್ಕೆಜೋಳ, ಒಣಮೆಣಸಿನಕಾಯಿಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ನೀರು ಸಾಲದು, ಬೂಷ್ಟಿಗೆ ಸಾಕು. ಹುಳಿಯೂ ಒಂದು ಕಾವಲು. ಮೊಸರು, ಮಜ್ಜಿಗೆ, ಹುಳಿ ಬಂದ ಇಡ್ಲಿ ಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಬೇರೆಯವಕ್ಕೆ ಜಾಗ ಬಿಡುವುದಿಲ್ಲ. ಹುಣಸೆಗೊಜ್ಜು ಕಲಸಿದ ಪುಳಿಯೋಗರೆ ಬರಿ ಅನ್ನಕ್ಕಿಂತ ಹೆಚ್ಚು ಹೊತ್ತು ಕೆಡದಿರುವುದಕ್ಕೂ ಹುಳಿಯೇ ಕಾರಣ. ದಾರಿಬುತ್ತಿಗೆ ಅದನ್ನೇ ಕಟ್ಟಿಕೊಡುತ್ತಿದ್ದ ಹಿರಿಯರ ಲೆಕ್ಕ ಸರಿಯಾಗಿತ್ತು.

ಪಾತ್ರೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ

ಹದವಾದ ಬಿಸಿ, ನೀರು, ಆಹಾರ ಸಿಕ್ಕರೆ ಹಲವು ಬ್ಯಾಕ್ಟೀರಿಯಾಗಳು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಕೋಶ ಏಳು ಗಂಟೆಯಲ್ಲಿ 20 ಲಕ್ಷ ದಾಟುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಅವುಗಳಿಗೆ ಅನುಕೂಲ. ಚಳ್ಳಕೆರೆಯ ಬೇಸಿಗೆಯಲ್ಲಿ 38-40 ಡಿಗ್ರಿ ಬಿಸಿಲು ಹೊಸದಲ್ಲ. ಅಂಥ ದಿನ ಬೆಳಿಗ್ಗೆ ಮಾಡಿದ ಅಡುಗೆ ಮಧ್ಯಾಹ್ನದವರೆಗೆ ಮುಚ್ಚಿಟ್ಟಲ್ಲೇ ಇದ್ದರೆ ಬ್ಯಾಕ್ಟೀರಿಯಾ ಬೆಳೆಯಲು ಇನ್ನೇನೂ ಬೇಕಿಲ್ಲ.

ಸ್ಟ್ಯಾಫಿಲೊಕಾಕಸ್ ಆರಿಯಸ್ ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಕೀವು ತುಂಬಿದ ಗಾಯದಲ್ಲಿ, ಹಸುವಿನ ಕೆಚ್ಚಲುಬಾವಿನಲ್ಲಿ ಇರುತ್ತದೆ. ಬೆರಳಿಗೆ ಗಾಯವಾದವರು ಪೇಡವನ್ನೋ ಕೋವಾವನ್ನೋ ಕೈಯಲ್ಲಿ ಕಲಸಿ ಉಂಡೆ ಕಟ್ಟಿದರೆ ಅದು ಸಿಹಿಗೆ ದಾಟಿ ವಿಷ ಬಿಡುತ್ತದೆ. ಆ ವಿಷವನ್ನು ಅರ್ಧ ಗಂಟೆ ಕುದಿಸಿದರೂ ಪೂರ್ತಿ ಅಳಿಯುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ, ಹೊಟ್ಟೆನೋವು ಶುರುವಾಗುತ್ತವೆ. ಜ್ವರ ಅಷ್ಟಾಗಿ ಇರುವುದಿಲ್ಲ. ಇದು ಹಾಲಿನಿಂದಲೂ ಬರುತ್ತದೆ ಎಂದು 1914ರಲ್ಲಿ ತೋರಿಸಿದವರು ಫಿಲಿಪೀನ್ಸ್‌ನಲ್ಲಿದ್ದ ಬಾರ್ಬರ್ ಎಂಬ ವೈದ್ಯವಿಜ್ಞಾನಿ. ಕೆಚ್ಚಲುಬಾವಾದ ಹಸುವಿನ ಹಾಲನ್ನು ಬೆಚ್ಚಗೆ ಇಟ್ಟು ತಾವೇ ಕುಡಿದು, ಕಾಯಿಲೆ ಬಿದ್ದು, ಕಾರಣ ಹಿಡಿದರು.

ಶಾಲೆಯ ಅಕ್ಷರ ದಾಸೋಹದ ಊಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ. ಒಳ್ಳೆಯ ನಿಯಮವೇ. ಹಲ್ಲಿ ಬಿದ್ದದ್ದು, ಸೀಮೆಎಣ್ಣೆ ಬೆರೆತದ್ದು, ಬೇಳೆ ಹಳಸಿದ್ದು ಅದರಿಂದ ಗೊತ್ತಾಗುತ್ತದೆ. ಆದರೆ ಸ್ಟ್ಯಾಫಿಲೊಕಾಕಸ್ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ, ಅದರ ಬಾಧೆ ಕಾಣಿಸಲು ಗಂಟೆಗಳೇ ಬೇಕು. ರುಚಿ ನೋಡಿಯಾಯಿತೆಂದು ಅಡುಗೆಯವರ ಕೈತೊಳೆತ, ಅಡುಗೆ ಮುಗಿದ ಹೊತ್ತು, ಬಡಿಸಿದ ಹೊತ್ತುಗಳ ಕಡೆ ಗಮನ ಬಿಡುವಂತಿಲ್ಲ.

ಬ್ಯಾಸಿಲಸ್ ಸೀರಿಯಸ್ ಅನ್ನದ ಬ್ಯಾಕ್ಟೀರಿಯಾ. ಮಣ್ಣಿನಿಂದ ಭತ್ತಕ್ಕೆ, ಭತ್ತದಿಂದ ಅಕ್ಕಿಗೆ ಬರುತ್ತದೆ. ಅಕ್ಕಿ ಬೇಯುವಾಗ ಇದರ ಗಟ್ಟಿ ಬೀಜಕಣಗಳು ಸಾಯುವುದಿಲ್ಲ, ಬದಲಿಗೆ ಎಚ್ಚರಗೊಳ್ಳುತ್ತವೆ. ರಾತ್ರಿಯ ಅನ್ನ ಪಾತ್ರೆಯಲ್ಲಿ ಬೆಚ್ಚಗೆ ಕುಳಿತಿದ್ದರೆ ಅವು ಮೊಳೆತು ಬೆಳೆದು ಸೆರ್ಯುಲೈಡ್ ಎಂಬ ವಾಂತಿಯ ವಿಷ ಬಿಡುತ್ತವೆ. ಈ ವಿಷ 121 ಡಿಗ್ರಿ ಶಾಖವನ್ನೂ ತಡೆಯುತ್ತದೆ. ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೂ ವಿಷ ವಿಷವೇ. ತಂಗಳನ್ನವನ್ನು ರಾತ್ರಿಯೇ ನೀರೋ ಮಜ್ಜಿಗೆಯೋ ಹಾಕಿ ಇಡುವ ಪದ್ಧತಿಯಲ್ಲಿ ಹುಳಿ ಬಂದಷ್ಟೂ ಅಪಾಯ ಕಡಿಮೆ. ಒಣಗಿದ ಹಾಗೆ ಬಿಟ್ಟ ಅನ್ನವೇ ಹೆಚ್ಚು ಮೋಸದ್ದು.

ಹಬ್ಬದ ಊಟದ ಶತ್ರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಊರಹಬ್ಬಕ್ಕೋ ಮದುವೆಗೋ ಹಿಂದಿನ ರಾತ್ರಿಯೇ ದೊಡ್ಡ ಕೊಪ್ಪರಿಗೆಯಲ್ಲಿ ಮಾಂಸದ ಸಾರು ಮಾಡಿ ಒಲೆಯಿಂದ ಇಳಿಸುತ್ತಾರೆ ಎನ್ನಿ. ಮೇಲಿನ ಕೆನೆ ತಣ್ಣಗಾಗಿ ಕೊಬ್ಬು ಹೆಪ್ಪುಗಟ್ಟುತ್ತದೆ. ಅದರ ಅಡಿಯಲ್ಲಿ ನಡುಭಾಗ ಮಾತ್ರ ನಾಲ್ಕೈದು ಗಂಟೆ 40-45 ಡಿಗ್ರಿಯಲ್ಲೇ ಉಳಿಯುತ್ತದೆ. ಕುದಿತದಿಂದ ಗಾಳಿ ಹೊರಹೋಗಿದೆ. ಗಾಳಿ ಬೇಡದ ಈ ಬ್ಯಾಕ್ಟೀರಿಯಾಗೆ ಅದು ಹೇಳಿ ಮಾಡಿಸಿದ ಜಾಗ. ಆ ಶಾಖದಲ್ಲಿ ಇದು ಹತ್ತು ನಿಮಿಷಕ್ಕೆಲ್ಲ ಇಮ್ಮಡಿಯಾಗಬಲ್ಲದು. ಮರುದಿನ ಸಾರನ್ನು ಬರಿ ಬೆಚ್ಚಗೆ ಮಾಡಿ ಬಡಿಸಿದರೆ ಜೀವಂತ ಕೋಶಗಳು ಹೊಟ್ಟೆಗೆ ಹೋಗಿ, ಕರುಳಿನಲ್ಲಿ ಬೀಜಕಣ ಕಟ್ಟುವಾಗ ವಿಷ ಬಿಡುತ್ತವೆ. 6ರಿಂದ 24 ಗಂಟೆಯಲ್ಲಿ ಹೊಟ್ಟೆ ಹಿಂಡಿದಂತಾಗಿ ನೀರುಭೇದಿ ಬರುತ್ತದೆ. ಉಂಡವರೆಲ್ಲ ಮನೆಗೆ ಹೋಗಿ ಮಲಗಿದ ಮೇಲೆ ಶುರುವಾಗುವುದರಿಂದ ಎಷ್ಟೋ ಸಲ ಊಟವನ್ನು ಬಿಟ್ಟು ದೃಷ್ಟಿಯನ್ನೋ ನೀರನ್ನೋ ದೂರುತ್ತಾರೆ. ಇದಕ್ಕೆ ಪರಿಹಾರ ಸುಲಭ: ಸಾರನ್ನು ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ ಬೇಗ ಆರಿಸುವುದು, ಬಡಿಸುವ ಮೊದಲು ಕೊತಕೊತ ಕುದಿಸುವುದು. ಇಲ್ಲಿ ಕುದಿತ ನಿಜವಾಗಿಯೂ ಕಾಪಾಡುತ್ತದೆ, ಏಕೆಂದರೆ ಬಾಧೆ ತರುವುದು ಜೀವಂತ ಕೋಶ.

ಸಾಲ್ಮೊನೆಲ್ಲಾ ಕೋಳಿ, ಮೊಟ್ಟೆ, ಹಸಿಹಾಲುಗಳಲ್ಲಿ ಬರುತ್ತದೆ. 1888ರಲ್ಲಿ ಜರ್ಮನಿಯ ಗ್ಯಾರ್ಟ್ನರ್, ಕಾಯಿಲೆಯ ಹಸುವಿನ ಮಾಂಸ ತಿಂದು ಸತ್ತವನ ದೇಹದಲ್ಲಿಯೂ ಉಳಿದ ಮಾಂಸದಲ್ಲಿಯೂ ಒಂದೇ ಬ್ಯಾಕ್ಟೀರಿಯಾವನ್ನು ಕಂಡರು. ಕೊಳೆತ ಮಾಂಸದ ರಾಸಾಯನಿಕಗಳೇ ಕಾರಣವೆಂಬ ಆಗಿನ ವಾದ ಅಲ್ಲಿಂದ ಸಡಿಲವಾಯಿತು. ಈ ಬಾಧೆಯಲ್ಲಿ ಜ್ವರ ಜೊತೆಗಿರುತ್ತದೆ, ಆರು ಗಂಟೆಯಿಂದ ಮೂರು ದಿನದೊಳಗೆ ಕಾಣಿಸುತ್ತದೆ. ಇ. ಕೋಲೈಯ ಕೆಲವು ತಳಿಗಳು ರಕ್ತಭೇದಿಯನ್ನೂ ಮಕ್ಕಳಲ್ಲಿ ಮೂತ್ರಪಿಂಡದ ತೊಂದರೆಯನ್ನೂ ತರುತ್ತವೆ. ಇವೆಲ್ಲಕ್ಕಿಂತ ಮಾರಕವಾದದ್ದು ಕ್ಲಾಸ್ಟ್ರಿಡಿಯಂ ಬಾಟುಲಿನಂ. ಅದನ್ನು 1896ರಲ್ಲಿ ಬೆಲ್ಜಿಯಂನ ವ್ಯಾನ್ ಎರ್ಮೆಂಗೆಮ್ ಉಪ್ಪುಹಾಕಿದ ಹಂದಿಮಾಂಸದಲ್ಲಿ ಗುರುತಿಸಿದರು. ಡಬ್ಬಿ ಆಹಾರ ಕಡಿಮೆ ಇರುವ ನಮ್ಮ ಹಳ್ಳಿಗಳಲ್ಲಿ ಅದು ಅಪರೂಪ. ಉಬ್ಬಿದ ಡಬ್ಬಿಯನ್ನು ಮಾತ್ರ ತೆರೆಯಲೂಬಾರದು.

ಬೂಷ್ಟು: ಬೇರೆಯೇ ಕಥೆ

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಸೋಂಕು ಹುಡುಕಿದರೆ ಸಿಗಲಿಲ್ಲ. ಕೊನೆಗೆ ಜಾಡು ಹೋಗಿ ನಿಂತದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿಗೆ. ಅದರಲ್ಲಿ ಬೆಳೆದಿದ್ದ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವ ಬಗೆಗಳು ಬಿ1, ಬಿ2. ಹಸಿರಾಗಿ ಹೊಳೆಯುವವು ಜಿ1, ಜಿ2. ಇವುಗಳಲ್ಲಿ ಬಿ1 ಅತಿ ಕೆಟ್ಟದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಫ್ಲಾಟಾಕ್ಸಿನ್‌ಗಳನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿಟ್ಟಿದೆ.

ಶೇಂಗಾ ಹಿಂಡಿ ಎಂದೊಡನೆ ವಿಷಯ ಚಳ್ಳಕೆರೆಗೆ ಬಂತು. ಎಣ್ಣೆ ಗಿರಣಿಗಳಿಂದಾಗಿ ಎಣ್ಣೆ ನಗರ ಎಂದೇ ಹೆಸರಾದ ಊರು ಅದು. ಮಳೆ ವರ್ಷಕ್ಕೆ ಸರಾಸರಿ 500 ಮಿ.ಮೀ.ಗೂ ಕಡಿಮೆ, ಭೂಮಿ ಬಹುಪಾಲು ಮಳೆಯಾಶ್ರಿತ, ಬೆಳೆ ಶೇಂಗಾ. ಇಲ್ಲಿಯ ಹೊಲಗಳಲ್ಲಿಯೂ, ಆಚೆ ಮೊಳಕಾಲ್ಮುರಿನ ಹೊಲಗಳಲ್ಲಿಯೂ ಮುಂಗಾರಿನಲ್ಲಿ ಬಿತ್ತುವುದು ಹೆಚ್ಚಾಗಿ ಇದನ್ನೇ. ಟಿಎಂವಿ-2 ತಳಿ ಇಲ್ಲಿ ದಶಕಗಳ ಕಾಲ ಆಳಿತು.

ಅಫ್ಲಾಟಾಕ್ಸಿನ್ ಗೋದಾಮಿನಲ್ಲಿ ಹುಟ್ಟುವ ತೊಂದರೆ ಎಂದು ಬಹಳ ಜನ ತಿಳಿದಿದ್ದಾರೆ. ಒಣಭೂಮಿಯಲ್ಲಿ ಅದು ಹೊಲದಲ್ಲೇ ಶುರುವಾಗುತ್ತದೆ. ಶೇಂಗಾ ಗಿಡದ ಹೂ ಉದುರಿದ ಮೇಲೆ ಕುಡಿ ಕೆಳಗಿಳಿದು ಮಣ್ಣು ಹೊಕ್ಕು ಅಲ್ಲಿ ಕಾಯಿಯಾಗುತ್ತದೆ. ಆ ಮಣ್ಣಿನಲ್ಲಿ ಈ ಬೂಷ್ಟು ಮೊದಲೇ ಇರುತ್ತದೆ. ನೀರು ಸಾಕಷ್ಟಿರುವ ತನಕ ಬಲಿಯುತ್ತಿರುವ ಬೀಜ ತನ್ನನ್ನು ಕಾಯುವ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕಾಯಿ ಬಲಿಯುವ ಕೊನೆಯ ನಾಲ್ಕಾರು ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು 28-31 ಡಿಗ್ರಿಗೆ ಕಾದರೆ ಬೀಜದ ನೀರು ಇಳಿಯುತ್ತದೆ, ಕಾವಲು ಸಡಿಲವಾಗುತ್ತದೆ. ಬೂಷ್ಟಿಗೆ ಮಾತ್ರ ಆ ಬಿಸಿಯೇ ಹಿತ. ಗೆದ್ದಲು, ಗೊಣ್ಣೆಹುಳ ಸಿಪ್ಪೆಗೆ ತೂತು ಮಾಡಿದರೆ ಒಳದಾರಿಯೂ ಸಿಕ್ಕಂತೆ. ಮುಂಗಾರು ಚೆನ್ನಾಗಿ ಹಿಡಿದು ಸೆಪ್ಟೆಂಬರಿನಲ್ಲಿ ಬಿಟ್ಟ ವರ್ಷ ರೈತರಿಗೆ ಇಳುವರಿಯ ನಷ್ಟ ಕಣ್ಣಿಗೆ ಕಾಣುತ್ತದೆ; ಬೀಜದೊಳಗಿನ ನಷ್ಟ ಕಾಣುವುದಿಲ್ಲ.

ಅಂಥ ಬೆಳೆಯ ಒಂದು ಕಾಯಿ ಒಡೆದು ನೋಡಿದರೆ ಸಿಪ್ಪೆಯ ಹೊರಗೆ ಏನೂ ಇರುವುದಿಲ್ಲ. ಬೀಜದ ಕೆಂಪು ಪೊರೆ ಮಾಸಿರಬಹುದು, ಸುಕ್ಕುಗಟ್ಟಿರಬಹುದು. ಬೀಜವನ್ನು ಎರಡು ಬೇಳೆಯಾಗಿ ಬಿಡಿಸಿದರೆ ನಡುವಿನ ಟೊಳ್ಳಿನಲ್ಲಿ, ಮೊಳಕೆಯ ಬುಡದ ಬಳಿ, ಹಳದಿ ಬೆರೆತ ಹಸಿರು ಪುಡಿ ಅಂಟಿಕೊಂಡಿರುತ್ತದೆ. ಬಾಯಿಗೆ ಹಾಕಿದರೆ ಕಹಿ, ಮುಗ್ಗು ವಾಸನೆ. ಉಗುಳಬೇಕಾದ್ದು ಅದನ್ನೇ. ಆದರೆ ಪುಡಿ ಕಾಣದ ಬೀಜದಲ್ಲೂ ವಿಷ ಇರಬಲ್ಲದು, ಬೂಷ್ಟು ಸತ್ತ ಮೇಲೂ ವಿಷ ಉಳಿಯಬಲ್ಲದು. ಚೀಲದ ಸಾವಿರಾರು ಬೀಜಗಳಲ್ಲಿ ಕೆಲವೇ ಕೆಲವು ಬೀಜಗಳು ಇಡೀ ಚೀಲದ ವಿಷವನ್ನೆಲ್ಲ ಹೊತ್ತಿರುವುದು ಇದರ ಇನ್ನೊಂದು ಗುಣ. ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಏನೂ ಸಿಗದಿರಬಹುದು, ಪಕ್ಕದ ಹಿಡಿಯಲ್ಲಿ ಮಿತಿ ಮೀರಿರಬಹುದು.

ಕೊಯ್ಲಿನ ಹೊತ್ತಿಗೆ ಕಾಯಿಯಲ್ಲಿ ಶೇಕಡಾ 35-50ರಷ್ಟು ತೇವ. ಅದು ಶೇಕಡಾ 8-9ಕ್ಕೆ ಇಳಿಯುವವರೆಗೂ ಬೂಷ್ಟಿಗೆ ಅವಕಾಶ ಇದ್ದೇ ಇದೆ. ಗಿಡ ಕಿತ್ತು ಹಸಿಯಾಗಿಯೇ ಬಣವೆ ಒಟ್ಟಿದರೆ, ಅಷ್ಟರಲ್ಲಿ ಹಿಂಗಾರಿನ ಒಂದು ಮಳೆ ಬಿದ್ದರೆ, ಒಳಗಿನ ಕಾಯಿ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಇದಕ್ಕೂ ಕೆಟ್ಟದ್ದು ಮಾರುವ ಮುಂಚೆ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ. ಸಿಪ್ಪೆ ಬಿಡಿಸುವ ಯಂತ್ರದಲ್ಲಿ ಬೀಜ ಒಡೆಯದಿರಲೆಂದು, ತೂಕವೂ ತುಸು ಏರಲೆಂದು ಹೀಗೆ ಮಾಡುತ್ತಾರೆ. ವಾರಗಟ್ಟಲೆ ಒಣಗಿಸಿದ ಶ್ರಮವೆಲ್ಲ ಆ ಒಂದು ಬಕೆಟ್ ನೀರಿನಲ್ಲಿ ಹಾಳಾಗುತ್ತದೆ. ರೈತರನ್ನಷ್ಟೇ ದೂರಿದರೆ ಆಗದು. ಒಣಗಿದ ಕಾಯಿಗೂ ತೇವದ ಕಾಯಿಗೂ ಒಂದೇ ಬೆಲೆ ಕಟ್ಟುವ ಕಡೆ ಒಣಗಿಸಿದವರೇ ತೂಕದಲ್ಲಿ ಸೋಲುತ್ತಾರೆ.

ಗಿರಣಿಯಲ್ಲಿ ಬೀಜ ಅರೆದಾಗ ವಿಷದ ಬಹುಪಾಲು ಹಿಂಡಿಯಲ್ಲೇ ನಿಲ್ಲುತ್ತದೆ. ಸ್ವಲ್ಪ ಎಣ್ಣೆಗೆ ಇಳಿಯುತ್ತದೆ. ಕ್ಷಾರ ಹಾಕಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಅದು ಬಹುತೇಕ ಹೋಗಿಬಿಡುತ್ತದೆ. ಈಗ ಮತ್ತೆ ಬೇಡಿಕೆ ಬಂದಿರುವ ಗಾಣದ ಎಣ್ಣೆಗೆ ಆ ಶುದ್ಧೀಕರಣ ಇಲ್ಲ. ಹಾಗೆಂದು ಗಾಣದೆಣ್ಣೆಯನ್ನು ಬಿಡಬೇಕಿಲ್ಲ. ಗಾಣಕ್ಕೆ ಹಾಕುವ ಬೀಜ ಆರಿಸಿದ್ದಾಗಿರಬೇಕು, ಗಸಿ ಇಳಿಯಲು ಬಿಟ್ಟು ಸೋಸಿದ್ದಾಗಿರಬೇಕು. ಮಾರಲಾಗದ ಸುಕ್ಕು ಬೀಜವನ್ನು ಮನೆಬಳಕೆಯ ಎಣ್ಣೆಗೆ ಉಳಿಸಿಕೊಳ್ಳುವ ಮನೆಗಳಲ್ಲಿ ಅಪಾಯ ಹೆಚ್ಚು. ಸೋಸದ ಶೇಂಗಾ ಎಣ್ಣೆಯನ್ನು ಗಾಜಿನ ಪಾತ್ರೆಯಲ್ಲಿ ಪ್ರಖರ ಬಿಸಿಲಿಗೆ ಇಟ್ಟರೆ ಅಫ್ಲಾಟಾಕ್ಸಿನ್ ಒಡೆಯುತ್ತದೆ ಎಂಬುದನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1970ರ ದಶಕದಲ್ಲೇ ತೋರಿಸಿದ್ದಾರೆ. ಬಿಸಿಲಿಗೆ ಬರವಿಲ್ಲದ ಈ ಸೀಮೆಗೆ ಇಷ್ಟು ಹೊಂದುವ ಸಂಶೋಧನೆ ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ಬೇಸರದ ಸಂಗತಿ.

ಹಿಂಡಿಯ ದಾರಿ ಇನ್ನೂ ಉದ್ದ. ಹಸು, ಎಮ್ಮೆ ತಿಂದ ಹಿಂಡಿಯ ಬಿ1 ವಿಷದ ಒಂದು ಸಣ್ಣ ಪಾಲು ಯಕೃತ್ತಿನಲ್ಲಿ ಮಾರ್ಪಟ್ಟು ಎಂ1 ಎಂಬ ರೂಪದಲ್ಲಿ ಹಾಲಿಗೆ ಬರುತ್ತದೆ. ತಿಂದ ಒಂದು ದಿನದೊಳಗೆ ಹಾಲಿನಲ್ಲಿ ಕಾಣಿಸಿಕೊಂಡು, ಹಿಂಡಿ ಬದಲಿಸಿದ ಕೆಲವು ದಿನಗಳಲ್ಲಿ ಮಾಯವಾಗುತ್ತದೆ. ಹಾಲು ಕಾಯಿಸಿದರೆ ಹೋಗುವುದಿಲ್ಲ, ಪಾಶ್ಚರೀಕರಿಸಿದರೂ ಹೋಗುವುದಿಲ್ಲ. ಹಾಲು ಹೆಚ್ಚು ಕುಡಿಯುವವರು ಮಕ್ಕಳು. ಬೂಷ್ಟು ಹಿಡಿದ ಹಿಂಡಿ ಮನುಷ್ಯರಿಗೆ ಬೇಡ, ದನಕ್ಕಿರಲಿ ಎಂಬ ಲೆಕ್ಕ ಇಲ್ಲಿಯೇ ತಪ್ಪುವುದು.

ದೇಹದೊಳಗೆ

ಬಿ1 ತಾನಾಗಿ ಅಷ್ಟು ಘಾತುಕವಲ್ಲ. ಹೊರಗಿನ ವಸ್ತುಗಳನ್ನು ಕರಗಿಸಿ ಹೊರಹಾಕಲೆಂದು ಯಕೃತ್ತಿನಲ್ಲಿರುವ ಕಿಣ್ವಗಳೇ ಅದನ್ನು ಎಪಾಕ್ಸೈಡ್ ಎಂಬ ಚುರುಕಾದ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಕೋಶದ ಡಿಎನ್‌ಎಯ ಗ್ವಾನೀನ್ ಘಟಕಕ್ಕೆ ಅಂಟಿಕೊಳ್ಳುತ್ತದೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಪಿ53 ಎಂಬ ಜೀನಿನ ಒಂದು ನಿರ್ದಿಷ್ಟ ಜಾಗದಲ್ಲಿ ಬರವಣಿಗೆ ತಪ್ಪುತ್ತದೆ. ಮುಂದೆ ಅದು ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ಹೆಪಟೈಟಿಸ್-ಬಿ ಸೋಂಕೂ ಇದ್ದವರಲ್ಲಿ ಅಪಾಯ ಹಲವು ಪಟ್ಟು ಏರುತ್ತದೆ. ಆ ಸೋಂಕಿನ ಲಸಿಕೆಯನ್ನು ಮಗುವಿಗೆ ಹುಟ್ಟಿದ ದಿನವೇ ಹಾಕಿಸಬೇಕೆನ್ನುವುದಕ್ಕೆ ಶೇಂಗಾ ಸೀಮೆಯಲ್ಲಿ ಇದು ಇನ್ನೊಂದು ಕಾರಣ.

ಒಮ್ಮೆಲೇ ಹೆಚ್ಚು ವಿಷ ಹೋದರೆ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ಸಾವು. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಕಾಯಿಲೆ ಬಿದ್ದ 397 ಮಂದಿಯಲ್ಲಿ 106 ಮಂದಿ ಸತ್ತರು. ಅದೇ ಜೋಳ ತಿಂದ ಊರನಾಯಿಗಳೂ ಸತ್ತವು. ಕೆನ್ಯಾದಲ್ಲಿ 2004ರಲ್ಲಿ ಇಂಥದ್ದೇ ಮೆಕ್ಕೆಜೋಳದಿಂದ 125 ಜನ ಸತ್ತರು.

ಕರ್ನಾಟಕದ ಪ್ರಕರಣ ಇದಕ್ಕಿಂತ ಮುಂಚಿನದು, ಮೈಸೂರಿನದು. ಅಪೌಷ್ಟಿಕತೆ ನೀಗಲು ಶೇಂಗಾ ಹಿಟ್ಟನ್ನು ಮಕ್ಕಳ ಆಹಾರವಾಗಿಸುವ ಆಸೆ ಆಗ ದೇಶದಲ್ಲೆಲ್ಲ ಇತ್ತು. 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ, ಶೇಂಗಾ ಮತ್ತು ಕಡಲೆ ಹಿಟ್ಟು ಬೆರೆಸಿ ಅಗ್ಗದ ಪುಷ್ಟಿಕರ ಆಹಾರವನ್ನೂ ತಯಾರಿಸಿತ್ತು. ಕ್ವಾಷಿಯೋರ್ಕರ್ ಎಂಬ ಅಪೌಷ್ಟಿಕ ರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಮಕ್ಕಳು ಗೊತ್ತಿಲ್ಲದೆ ಅಫ್ಲಾಟಾಕ್ಸಿನ್ ಸೇರಿದ ಶೇಂಗಾ ಹಿಟ್ಟು ತಿಂದಿದ್ದರು. ಅವರ ಯಕೃತ್ತು ಗಟ್ಟಿಯಾಗಿ ಸಿರೋಸಿಸ್‌ಗೆ ತಿರುಗಿದ್ದನ್ನು ಮೈಸೂರಿನ ವೈದ್ಯರೂ ಸಿಎಫ್‌ಟಿಆರ್‌ಐ ವಿಜ್ಞಾನಿಗಳೂ ಸೇರಿ 1971ರಲ್ಲಿ ಪ್ರಕಟಿಸಿದರು. ಮಕ್ಕಳನ್ನು ಉಳಿಸಲೆಂದು ಕೊಟ್ಟ ಆಹಾರವೇ ಮಕ್ಕಳನ್ನು ಬಾಧಿಸಿತು. ಈ ವಿಷಯವನ್ನು ಹಗುರವಾಗಿ ನೋಡುವವರಿಗೆ ಹೇಳಬೇಕಾದ ಮೊದಲ ಸಂಗತಿ ಇದು.

ಬಯಲುಸೀಮೆಯ ಇತರ ಧಾನ್ಯಗಳಿಗೂ ಅವುಗಳದೇ ಬೂಷ್ಟುಗಳಿವೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ 27 ಹಳ್ಳಿಗಳಲ್ಲಿ ಜನರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ್ ಭಟ್ ಮತ್ತು ಸಂಗಡಿಗರು ತನಿಖೆ ಮಾಡಿ, ಅಕಾಲ ಮಳೆಗೆ ನೆನೆದ ಜೋಳ, ಮೆಕ್ಕೆಜೋಳಗಳ ರೊಟ್ಟಿಯೇ ಕಾರಣವೆಂದೂ ಅದರಲ್ಲಿದ್ದದ್ದು ಫ್ಯುಸೇರಿಯಂ ಬೂಷ್ಟಿನ ಫ್ಯೂಮೊನಿಸಿನ್ ವಿಷವೆಂದೂ ಕಂಡುಕೊಂಡರು. ಆ ಧಾನ್ಯ ಬಿಟ್ಟೊಡನೆ ಜನ ಗುಣವಾದರು. ಮಳೆಗೆ ಸಿಕ್ಕ ಹಾರಕ ತಿಂದರೆ ಅಮಲು, ತಲೆಸುತ್ತು, ನಡುಕ ಬರುವುದಕ್ಕೆ ಸೈಕ್ಲೊಪಿಯಾಜೋನಿಕ್ ಆಮ್ಲ ಎಂಬ ಬೂಷ್ಟಿನ ವಿಷ ಕಾರಣ. ಮಧ್ಯಪ್ರದೇಶದ ಬಾಂಧವಗಢದಲ್ಲಿ 2024ರ ಅಕ್ಟೋಬರ್ ಕೊನೆಗೆ ಹಾರಕದ ಹೊಲ ಮೇಯ್ದ 10 ಆನೆಗಳು ಸತ್ತಾಗ ಪ್ರಯೋಗಾಲಯಗಳು ಹೆಸರಿಸಿದ್ದು ಇದೇ ವಿಷವನ್ನು. ಸಿರಿಧಾನ್ಯಗಳಿಗೆ ಮತ್ತೆ ಮನ್ನಣೆ ಸಿಗುತ್ತಿರುವ ಈ ಕಾಲದಲ್ಲಿ ಒಣಗಿಸುವ ಶಿಸ್ತೂ ಅವುಗಳ ಜೊತೆಗೇ ಬರಬೇಕು. ಸಜ್ಜೆ ತೆನೆಗೆ ಬರುವ ಅರ್ಗಾಟ್ ರೋಗದ ಕಪ್ಪು ಗಂಟುಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಶೇಕಡಾ 20ರ ಉಪ್ಪುನೀರಿಗೆ ಕಾಳು ಹಾಕಿದರೆ ಗಂಟು ತೇಲುತ್ತದೆ, ಒಳ್ಳೆಯ ಕಾಳು ಮುಳುಗುತ್ತದೆ.

ತಡೆ

ಹೊಲದಲ್ಲಿ ಮಾಡಬಹುದಾದ್ದು: ಹೂ ಬಿಡುವ ಹೊತ್ತಿಗೆ ಎಕರೆಗೆ ಸುಮಾರು 200 ಕೆ.ಜಿ. ಜಿಪ್ಸಂ ಕೊಟ್ಟರೆ ಅದರ ಸುಣ್ಣದಂಶದಿಂದ ಸಿಪ್ಪೆ ಗಟ್ಟಿಯಾಗುತ್ತದೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿ ಹಾಕಬಹುದು. ಸಾಧ್ಯವಿದ್ದವರು ಕಾಯಿ ಬಲಿಯುವಾಗ ಒಂದು ನೀರು ಕೊಟ್ಟರೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಗಿಡ ಕಿತ್ತ ಮೇಲೆ ಕಾಯಿ ಮೇಲ್ಮುಖವಾಗುವಂತೆ ತಲೆಕೆಳಗು ಮಾಡಿ ಸಾಲಿನಲ್ಲಿ ಒಣಗಿಸಬೇಕು. ಕಾಯಿ ಕಿವಿಯ ಬಳಿ ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಒಣಗುತ್ತಿದೆ ಎಂದರ್ಥ. ಗುದ್ದಲಿ ತಾಗಿದ, ಹುಳ ತೂತು ಮಾಡಿದ, ಎಳೆಯ ಕಾಯಿಗಳನ್ನು ಕಣದಲ್ಲೇ ಬೇರೆ ಮಾಡಬೇಕು. ಗೋಣಿಚೀಲಗಳು ಹಲಗೆಯ ಮೇಲಿರಲಿ, ಗೋಡೆಗೆ ತಾಗದಿರಲಿ. ಮುಂದಿನ ಬಿತ್ತನೆಗೆ ಇಟ್ಟ ಬೀಜವನ್ನು ಸಿಪ್ಪೆಸಹಿತ ಇಡುವ ಹಳೆಯ ರೂಢಿ ಇದಕ್ಕೂ ಒಳ್ಳೆಯದು.

ಅಡುಗೆಮನೆಯಲ್ಲಿ ಬೀಜ ಆರಿಸುವ ಅಜ್ಜಿಯ ಕೈ ಇಂದಿಗೂ ಒಳ್ಳೆಯ ತಡೆ. ಬಣ್ಣ ಮಾಸಿದ, ಸುಕ್ಕಾದ, ಕರಿದಾದ ಬೀಜಗಳಲ್ಲೇ ವಿಷ ಹೆಚ್ಚು ಇರುವುದರಿಂದ ಅವನ್ನು ತೆಗೆದರೆ ಬಹುಪಾಲು ತೆಗೆದಂತೆ. ಹುರಿದರೆ ಅಫ್ಲಾಟಾಕ್ಸಿನ್ ತುಸು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಆರಿಸಿ ತೆಗೆದ ಬೀಜವನ್ನು ಚಟ್ನಿಪುಡಿಗೂ ಹಾಕಬಾರದು, ಕೋಳಿಗೂ ಹಾಕಬಾರದು, ಹೂಳಬೇಕು. ಬೂಷ್ಟು ಬಂದ ರೊಟ್ಟಿ, ಬ್ರೆಡ್ಡಿನಲ್ಲಿ ಕಂಡಷ್ಟು ಕಿತ್ತು ಉಳಿದದ್ದು ತಿನ್ನುವುದೂ ಸಲ್ಲ. ಎಳೆಗಳು ಕಣ್ಣಿಗೆ ಕಾಣದಷ್ಟು ಒಳಗೆ ಹರಡಿರುತ್ತವೆ. ಬ್ಯಾಕ್ಟೀರಿಯಾಗಳ ಮಟ್ಟಿಗೆ ನಿಯಮ ಚಿಕ್ಕದು: ಸೋಪು ಹಾಕಿ ಕೈ ತೊಳೆ, ಹಸಿಮಾಂಸದ ಈಳಿಗೆ ತರಕಾರಿಗೆ ಬಳಸಬೇಡ, ಮಾಡಿದ ಅಡುಗೆ ಎರಡು ಗಂಟೆಯೊಳಗೆ ಉಣ್ಣು, ಉಳಿದದ್ದು ಬೇಗ ತಣ್ಣಗಾಗಲಿ.

ಬಾಧೆ ಬಂದಾಗ

ವಾಂತಿ ಭೇದಿಯಲ್ಲಿ ಕೊಲ್ಲುವುದು ಬಹುಪಾಲು ನೀರು ಮತ್ತು ಲವಣಗಳ ನಷ್ಟ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಎದೆಹಾಲು ನಿಲ್ಲಿಸಬಾರದು. ಭೇದಿ ಕಟ್ಟುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಕೊಡಬಾರದು. ಮಲದಲ್ಲಿ ರಕ್ತ, ಹೆಚ್ಚು ಜ್ವರ, ಮೂತ್ರ ನಿಲ್ಲುವುದು, ಕಣ್ಣು ಗುಳಿಬೀಳುವುದು, ದೃಷ್ಟಿ ಎರಡೆರಡಾಗುವುದು, ನುಂಗಲು ಕಷ್ಟವಾಗುವುದು ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ. ಕೂಸು, ಬಸುರಿ, ಮುದುಕರಿಗೆ ಕಾಯುವ ಮಾತೇ ಬೇಡ. ಹಲವರು ಒಟ್ಟಿಗೆ ಮಲಗಿದರೆ ಉಳಿದ ಊಟವನ್ನು ಚೆಲ್ಲದೆ ಮುಚ್ಚಿ ತಣ್ಣಗಿಟ್ಟು ಆರೋಗ್ಯ ಇಲಾಖೆಗೆ ತಿಳಿಸಬೇಕು. ಯಾವ ಬ್ಯಾಕ್ಟೀರಿಯಾ ಎಂದು ಹೇಳುವುದು ಆ ಮಾದರಿಯೇ. ಅಫ್ಲಾಟಾಕ್ಸಿನ್‌ಗೆ ಮದ್ದಿಲ್ಲ, ತಿನ್ನುವುದನ್ನು ನಿಲ್ಲಿಸುವುದೊಂದೇ ದಾರಿ.

ಕಾನೂನು ಮತ್ತು ಮಾರುಕಟ್ಟೆ

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಫ್ಲಾಟಾಕ್ಸಿನ್‌ಗೆ ನೇರವಾಗಿ ತಿನ್ನುವ ಬೀಜಗಳಲ್ಲಿ ಕೆ.ಜಿ.ಗೆ 10 ಮೈಕ್ರೊಗ್ರಾಂ, ಮುಂದೆ ಸಂಸ್ಕರಿಸುವ ಬೀಜಗಳಲ್ಲಿ 15 ಮೈಕ್ರೊಗ್ರಾಂ, ಹಾಲಿನ ಎಂ1ಗೆ 0.5 ಮೈಕ್ರೊಗ್ರಾಂ ಮಿತಿ ಇಟ್ಟಿದೆ. ಯುರೋಪಿಗೆ ಹೋಗುವ, ನೇರ ತಿನ್ನುವ ಶೇಂಗಾದಲ್ಲಿ ಒಟ್ಟು 4 ಮೈಕ್ರೊಗ್ರಾಂ ಮೀರುವಂತಿಲ್ಲ. ಆದ್ದರಿಂದ ರಫ್ತಿನ ಬೀಜ ಪರೀಕ್ಷೆಯಾಗುತ್ತದೆ, ಆರಿಸಲ್ಪಡುತ್ತದೆ. ಅಲ್ಲಿ ಬೇಡವಾದದ್ದು ನೆಲದೊಳಗೆ ಹೋಗದೆ ಒಳಮಾರುಕಟ್ಟೆಗೆ, ಗಿರಣಿಗೆ, ಹಿಂಡಿಗೆ ಬಂದರೆ ಬೆಳೆದವರ ಮನೆಯ ಮಕ್ಕಳೇ ಅದನ್ನು ತಿನ್ನಬೇಕಾಗುತ್ತದೆ. ಇದಕ್ಕೆ ಮಾಡಬೇಕಾದ ಮೊದಲ ಕೆಲಸ ದುಬಾರಿಯೂ ಅಲ್ಲ, ಕ್ಲಿಷ್ಟವೂ ಅಲ್ಲ. ಶೇಂಗಾ ಹರಾಜಾಗುವ ಪ್ರತಿ ಪ್ರಾಂಗಣದಲ್ಲಿ ತೇವಮಾಪಕ ಇರಲಿ, ಶೇಕಡಾ 9ಕ್ಕಿಂತ ಕಡಿಮೆ ತೇವದ ಕಾಯಿಗೆ ಕ್ವಿಂಟಲಿಗೆ ಹೆಚ್ಚಿನ ಬೆಲೆ ಸಿಗಲಿ, ಪ್ರತಿ ಸುಗ್ಗಿಯಲ್ಲೂ ಬೀಜ, ಹಿಂಡಿ, ಹಾಲು ಮೂರರ ಮಾದರಿಯನ್ನೂ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಅಲ್ಲಿಯೇ ಹಚ್ಚಲಿ.